ಟೆಲಿಕಾಸ್ಟರ್ ಕಿಟ್: ಬಣ್ಣಕ್ಕಿಂತ ಮೊದಲು ದಾರ

ಮೊದಲ ವಾರ

ಟೆಲಿಕಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಕಿಟ್, ಬಿಡಿಭಾಗಗಳನ್ನು ನಾವೇ ಜೋಡಿಸಿ ಬಣ್ಣ ಹಚ್ಚುವಂಥದ್ದು. ಎರಡು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ), ಮೂರು ಸ್ಥಾನದ ಸ್ವಿಚ್, ವಾಲ್ಯೂಮ್‌ಗೊಂದು ಟೋನ್‌ಗೊಂದು ನಾಬ್, ಅಷ್ಟೇ. ಸ್ಟ್ರಾಟ್ (ಸ್ಟ್ರಾಟೊಕಾಸ್ಟರ್) ಮಾದರಿಯಂತೆ ತಂತಿ ಕಟ್ಟುವ ಬ್ರಿಜ್‌ಗೆ ಸ್ಪ್ರಿಂಗ್ ರಗಳೆ ಇಲ್ಲವಾದ್ದರಿಂದ ಮೊದಲ ಸಲಕ್ಕೆ ಇದೇ ವಾಸಿ.

ಬಣ್ಣಕ್ಕೆ ಕೈ ಹಾಕುವ ಮುಂಚೆ ಎಲ್ಲವನ್ನೂ ಸುಮ್ಮನೆ ಜೋಡಿಸಿ ನೋಡಬೇಕು. ನೆಕ್ (ಗಿಟಾರಿನ ಉದ್ದನೆಯ ಕತ್ತು) ಅನ್ನು ಬಾಡಿಯಲ್ಲಿರುವ ಅದರ ಕುಳಿಯಲ್ಲಿ, ಅಂದರೆ ಪಾಕೆಟ್‌ನಲ್ಲಿ ಕೂರಿಸಿ, ಎರಡೂ ಇ ತಂತಿಗಳ (ಅತಿ ದಪ್ಪ ಮತ್ತು ಅತಿ ತೆಳು) ಜಾಗದಲ್ಲಿ ಹೊಲಿಗೆ ದಾರ ಬಿಗಿದದ್ದಾಯಿತು. ಕೊನೆಯ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಬಳಿ ದಾರದಿಂದ ನೆಕ್‌ನ ಅಂಚಿಗೆ ಒಂದು ಕಡೆ 4 ಮಿ.ಮೀ., ಇನ್ನೊಂದು ಕಡೆ 2. ಪಾಕೆಟ್ ಗೋಡೆಗೆ ಅಂಟಿದ್ದ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಗಂಟೇ ಕಾರಣ. 180ರ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿದ ಮೇಲೆ ಎರಡೂ ಕಡೆ 3 ಬಂತು. ಬಣ್ಣ ಆದಮೇಲೆ ಇದು ಗೊತ್ತಾಗಿದ್ದರೆ ಅಂಚಿನ ಬಣ್ಣ ಚಕ್ಕೆ ಎದ್ದು ಹೋಗುತ್ತಿತ್ತು.

ಉದ್ದದ ಲೆಕ್ಕ: ನಟ್‌ನಿಂದ (ನೆಕ್‌ನ ತಲೆಯ ಕಡೆ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ 324 ಮಿ.ಮೀ. ಅದರ ಇಮ್ಮಡಿ, ಅಂದರೆ 648ರ ಆಸುಪಾಸಿನಲ್ಲಿ ತೆಳು ಇ ತಂತಿಯ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ತುಣುಕು) ಇರಬೇಕು. ದಪ್ಪ ತಂತಿಯ ಸ್ಯಾಡಲ್‌ಗೆ ಇನ್ನೂ 3–4 ಮಿ.ಮೀ. ಹಿಂದೆ ಸರಿಯಲು ಜಾಗ ಬೇಕು.

ನೆಕ್ ಸ್ಕ್ರೂಗಳು ಬಾಡಿಯ ತೂತಿನಲ್ಲಿ ಸಲೀಸಾಗಿ ಜಾರಬೇಕು, ಕಚ್ಚಬೇಕಾದ್ದು ಮೇಪಲ್ ನೆಕ್ ಅನ್ನು ಮಾತ್ರ. ಎರಡನ್ನೂ ಕಚ್ಚಿದರೆ ಎಷ್ಟು ಬಿಗಿದರೂ ನಡುವೆ ಸಂದು ಉಳಿಯುತ್ತದೆ. ನೆಕ್‌ಗೆ 3 ಮಿ.ಮೀ. ಡ್ರಿಲ್ ಬಿಟ್, ಆಳದ ಗುರುತಿಗೆ ಅದರ ಮೇಲೊಂದು ಟೇಪ್ ಸುತ್ತು. ಸ್ಕ್ರೂಗೆ ಮೇಣದಬತ್ತಿ ಸವರಿ; ಸೋಪು ಬೇಡ, ತೇವ ಎಳೆದು ತುಕ್ಕು ತರುತ್ತದೆ. ತಂತಿ ಬಿಗಿಯುವ ಟ್ಯೂನರ್‌ನ ಪುಟ್ಟ ಸ್ಕ್ರೂಗಳಿಗೂ 1.5 ಮಿ.ಮೀ. ತೂತು ಕೊರೆಯಲೇಬೇಕು, ಇಲ್ಲದಿದ್ದರೆ ತಲೆ ಮುರಿದು ಮರದೊಳಗೇ ಉಳಿಯುತ್ತವೆ.

ಎರಡರಿಂದ ಐದನೇ ವಾರ

ಬಾಡಿಯ ಮೇಲೆ ಒಂದು ಹನಿ ನೀರು ಬಿಟ್ಟರೆ ಮುತ್ತಿನಂತೆ ನಿಂತಿತು. ಅಂದರೆ ಕಾರ್ಖಾನೆಯಲ್ಲೇ ಸೀಲರ್ ಹೊಡೆದಿದ್ದಾರೆ. ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಹಚ್ಚಿದರೆ ಒಳಗಿಳಿಯದೆ ಮಚ್ಚೆಮಚ್ಚೆಯಾಗುತ್ತದೆ. ಹಾಗಾಗಿ ಗಟ್ಟಿ ಬಣ್ಣವೇ ಸರಿ. 240, ಆಮೇಲೆ 320ರಲ್ಲಿ ಉಜ್ಜಿ, ತೆಳುವಾಗಿ ಆರು ಕೋಟ್ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್.

ಮೂರನೇ ಕೋಟ್ ಮಳೆಯ ದಿನ ಬಿತ್ತು, ಮೇಲ್ಮೈ ಹಾಲಿನಂತೆ ಬಿಳಿಚಿತು. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ. ಒಣ ದಿನ ನೋಡಿ ಆರುವುದನ್ನು ನಿಧಾನಿಸುವ ರಿಟಾರ್ಡರ್ ಬೆರೆಸಿದ ತೆಳು ಕೋಟ್ ಕೊಟ್ಟರೆ ಬಿಳುಪು ಹೋಗುತ್ತದೆ, ಇಲ್ಲೂ ಹೋಯಿತು. ಕರಾವಳಿಯಲ್ಲಿರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಮುಂದೂಡುವುದೇ ಒಳ್ಳೆಯದು. ಮೂಗು ಹತ್ತಿರ ಹಿಡಿದಾಗ ಥಿನ್ನರ್ ವಾಸನೆ ಪೂರ್ತಿ ಹೋಗುವವರೆಗೂ ಪಾಲಿಶ್ ಮಾಡಬಾರದು. ಮೂರು ವಾರ ಹಿಡಿಯಿತು.

ಆರನೇ ವಾರ

ಕಿಟ್‌ನ ಪಾಟ್‌ಗಳನ್ನು (ನಾಬ್‌ಗಳ ಕೆಳಗಿನ ಪೊಟೆನ್ಶಿಯೋಮೀಟರ್‌ಗಳು) ತೆಗೆದು 250 ಕಿಲೋ ಓಮ್‌ನ ಎರಡು, ಟೋನ್‌ಗೆ 0.047 ಮೈಕ್ರೊಫ್ಯಾರಡ್ ಕೆಪಾಸಿಟರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಂಥವು ಸಿಗುತ್ತವೆ. ಶಾಫ್ಟ್ ದಪ್ಪ ನಾಬ್‌ಗೆ ಹೊಂದುತ್ತದೆಯೇ ಅಳೆದು ತನ್ನಿ. ಪಾಟ್‌ನ ಬೆನ್ನು ಶಾಖವನ್ನೆಲ್ಲ ಹೀರಿಬಿಡುವುದರಿಂದ 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಲದು. 60 ವ್ಯಾಟ್, ಅಗಲ ಮೊನೆ, ಮೊದಲು ಬೆನ್ನನ್ನು ಸ್ವಲ್ಪ ಉಜ್ಜಿ, ಮೂರ್ನಾಲ್ಕು ಸೆಕೆಂಡಿನಲ್ಲಿ ಬೆಸುಗೆ ಮುಗಿಸಬೇಕು.

ಎರಡೂ ಪಿಕಪ್ ಒಟ್ಟಿಗೆ ನುಡಿಯುವ ನಡು ಸ್ಥಾನಕ್ಕೆ ಸ್ವಿಚ್ ತಂದಾಗ ದನಿ ಬಡಕಲಾಗಿ ಮೂಗಿನಲ್ಲಿ ಬಂತು: ಒಂದು ಪಿಕಪ್‌ನ ವೈರ್‌ಗಳು ತಿರುಗುಮುರುಗು. ನೆಕ್ ಪಿಕಪ್‌ನದನ್ನು ಹಾಗೇ ಅದಲುಬದಲು ಮಾಡಿದರೆ ಲೋಹದ ಕವರ್ ಸಿಗ್ನಲ್‌ಗೆ ಸೇರಿ, ಮುಟ್ಟಿದಾಗಲೆಲ್ಲ ಗುಂಯ್‌ಗುಡುತ್ತದೆ. ಕವರ್‌ನ ಜೋಡಣೆ ಕತ್ತರಿಸಿ, ಅದಕ್ಕೆ ಬೇರೆ ಗ್ರೌಂಡ್ ವೈರ್ ಕೊಟ್ಟ ಮೇಲೆಯೇ ಅದಲುಬದಲು ಮಾಡಿದ್ದು.

ಈಗ

10–46 (ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪ) ತಂತಿ ಹಾಕಿ, ಟ್ರಸ್ ರಾಡ್ (ನೆಕ್‌ನ ಬಾಗು ಹೊಂದಿಸುವ ಒಳಗಿನ ಸಲಾಕೆ) ಕಾಲು ಸುತ್ತು ಬಿಗಿದು, 7ನೇ ಫ್ರೆಟ್ ಬಳಿ 0.25 ಮಿ.ಮೀ. ಬಾಗು ಉಳಿಸಲಾಗಿದೆ. ಸ್ಯಾಡಲ್ ಪೂರ್ತಿ ಇಳಿಸಿದರೂ ತಂತಿ ಎತ್ತರವೇ ಇತ್ತು, ಆದ್ದರಿಂದ ಪಾಕೆಟ್‌ನಲ್ಲಿ ಬ್ರಿಜ್ ಕಡೆಯ ಅಂಚಿಗೆ ವಿಸಿಟಿಂಗ್ ಕಾರ್ಡ್ ಪಟ್ಟಿ ಇಟ್ಟು ನೆಕ್ ಅನ್ನು ತುಸು ಹಿಂದಕ್ಕೆ ವಾಲಿಸಿದ್ದಾಯಿತು. 14ನೇ ಫ್ರೆಟ್ ಒತ್ತಿದರೆ ತೆಳು ತಂತಿ ಇನ್ನೂ ಕರಕರ ಅನ್ನುತ್ತದೆ. 14, 15, 16ರ ಮೇಲೆ ಎಟಿಎಂ ಕಾರ್ಡಿನ ಅಂಚು ಇಟ್ಟರೆ ತೊಟ್ಟಿಲಿನಂತೆ ತೂಗುತ್ತದೆ. ಎದ್ದಿರುವುದು 15ನೆಯದು. ಮೊದಲು ಮರದ ತುಂಡಿಟ್ಟು ಮೆಲ್ಲಗೆ ಬಡಿಯುವುದು, ಕೂರದಿದ್ದರೆ ಮಾತ್ರ ಅರ.