ಎಮ್ಮೆ ಯಾವುದು, ಕಳ್ಳ ಯಾವನು

ಲಿಂಕ್ಡ್‌ಇನ್ ತೆಗೆದ್ರೆ ಸಾಕು, ಯಾವುದಾದ್ರೂ ಮಾರ್ಕೆಟ್ ರಿಪೋರ್ಟ್ ಜಾಹೀರಾತು ಎದುರಿಗೆ ಬಂದು ಕೂರುತ್ತೆ, ಅನಟೆಂಡೆಡ್ ಗ್ರೌಂಡ್ ಸೆನ್ಸರ್ (ನೆಲದಲ್ಲಿ ಹೂತಿಟ್ಟು ಬಂದ್ರೆ ಹತ್ರ ಯಾರಾದ್ರೂ ಓಡಾಡಿದಾಗ ತಾನೇ ಸುದ್ದಿ ಕೊಡೋ ಯಂತ್ರ) ಮಾರುಕಟ್ಟೆ ಈಗ ಇಷ್ಟು ಮಿಲಿಯನ್ ಡಾಲರ್, ಇನ್ನೈದಾರು ವರ್ಷಕ್ಕೆ ಇಷ್ಟಾಗುತ್ತೆ ಅಂತ. ಒಂದು ರಿಪೋರ್ಟಿಗೂ ಇನ್ನೊಂದಕ್ಕೂ ತಾಳಮೇಳ ಇಲ್ಲ. ಪೂರ್ತಿ ಓದೋಕೆ ಅವರು ಕೇಳೋ ದುಡ್ಡಲ್ಲಿ ನಾವು ಪುಣೆ ಹತ್ರದ ಭೋಸರಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದಿಷ್ಟು ಸೆನ್ಸರ್ರೇ ಜೋಡಿಸಿಬಿಡಬಹುದು. ನಾನು ಪುಣೆಲಿ ಇದೇ ಲೈನಲ್ಲಿರೋದ್ರಿಂದ ಊರ ಕಡೆ ಫ್ರೆಂಡ್ಸು ಕೇಳ್ತಾನೇ ಇರ್ತಾರೆ, ಅದೇನಪ್ಪ ನೆಲದಲ್ಲಿ ಹೂತಿಡೋದು, ಬಾಂಬಾ ಅಂತ.

ಬಾಂಬಲ್ಲ ಮಾರಾಯ್ರೆ. ಒಳಗಿರೋದು ಜಿಯೋಫೋನ್, ಅಂದ್ರೆ ಮ್ಯಾಗ್ನೆಟ್ ಸುತ್ತ ಸ್ಪ್ರಿಂಗಲ್ಲಿ ತೂಗೋ ಒಂದು ಕಾಯಿಲ್, ನೆಲ ಅದುರಿದ್ರೆ ಸಣ್ಣ ವೋಲ್ಟೇಜ್ ಬರುತ್ತೆ, ಅಷ್ಟೇ. ತೈಲ ಹುಡುಕೋರು ಎಷ್ಟೋ ಕಾಲದಿಂದ ಬಳಸ್ತಿರೋ ಸಾಮಾನು. ಜೊತೆಗೆ ಮೈಕು, ಮೈ ಬಿಸಿ ಹಿಡಿಯೋ ಪಿಐಆರ್ ಸೆನ್ಸರ್, ಕಬ್ಬಿಣ ಹತ್ರ ಬಂದ್ರೆ ಹೇಳೋ ಮ್ಯಾಗ್ನೆಟೋಮೀಟರ್, ಸುದ್ದಿ ಕಳಿಸೋಕೆ ಒಂದು ರೇಡಿಯೋ. ತಿಂಗಳುಗಟ್ಟಲೆ ಯಾರೂ ಹತ್ರ ಹೋಗಲ್ಲ, ಹಾಗಾಗಿ ಹೆಚ್ಚಿನ ಹೊತ್ತು ನಿದ್ದೆ ಮಾಡುತ್ತೆ, ಅದುರಿದಾಗ ಮಾತ್ರ ಏಳುತ್ತೆ, ಇಲ್ಲಾಂದ್ರೆ ಬ್ಯಾಟರಿ ಉಳಿಯಲ್ಲ.

ಐಡಿಯಾ ಹೊಸದೇನಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದವರು ಇಗ್ಲೂ ವೈಟ್ ಅಂತ ಹೆಸರಿಟ್ಟು 1968ರಿಂದ 1973ರವರೆಗೆ ಲಾವೋಸ್ ಕಾಡಲ್ಲಿ, ಉತ್ತರ ವಿಯೆಟ್ನಾಂನೋರು ಸೈನಿಕರನ್ನ, ಸಾಮಾನನ್ನ ಸಾಗಿಸ್ತಿದ್ದ ಹೋ ಚಿ ಮಿನ್ ದಾರಿ ಉದ್ದಕ್ಕೂ ವಿಮಾನದಿಂದ ಸೆನ್ಸರ್ ಉದುರಿಸಿದ್ರು. ಬಿದ್ದ ಜೋರಿಗೆ ನೆಲಕ್ಕೆ ನಾಟ್ಕೊಳ್ಳೋದು, ಮೇಲೆ ಕಾಣೋ ಆಂಟೆನಾ ಗಿಡದ ಥರ. ಸಿಗ್ನಲ್ಲೆಲ್ಲ ಥಾಯ್ಲೆಂಡಿನ ನಖೋನ್ ಫನೋಮ್‌ಗೆ, ಅಲ್ಲಿದ್ದ ಐಬಿಎಂ 360/65 ಕಂಪ್ಯೂಟರಿಗೆ. ಅಷ್ಟು ದುಡ್ಡು ಸುರಿದ್ರೂ ಆ ದಾರೀಲಿ ಓಡಾಟ ನಿಲ್ಲಲಿಲ್ಲ.

ಯಾಕೆ ಕಷ್ಟ ಅನ್ನೋದು ಸೋಲಾಪುರ ರಸ್ತೇಲಿರೋ ಒಂದು ಸೋಲಾರ್ ಪ್ಲಾಂಟಲ್ಲಿ ಚೆನ್ನಾಗಿ ಕಾಣ್ತು. ಅಲ್ಲಿ ಕೇಬಲ್ ಕಳ್ಳತನ ಜಾಸ್ತಿ, ತಾಮ್ರಕ್ಕೆ ರೇಟ್ ಇದೆಯಲ್ಲ. ವಾಚ್‌ಮನ್ ಇಂಡಿ ತಾಲೂಕಿನೋರು, ನನ್ನ ಕನ್ನಡ ಕೇಳಿ ಖುಷಿಯಾಗಿ ಚಹಾ ತಂದ್ರು. ನಾನು ಸೆನ್ಸರಿನ ಮೊಳೆ ಥರದ ಸ್ಪೈಕ್ ನೆಲಕ್ಕೆ ಒತ್ತಿ ಮಣ್ಣು ತುಳೀತಿದ್ರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು "ಸರ, ಎಮ್ಮಿ ಬಂದ್ರೂ ಇದಕ್ಕ ಗೊತ್ತಾಗ್ತೈತೇನ್ರಿ?" ಅಂದ್ರು. ಗೊತ್ತಾಗುತ್ತೆ ಅಂದೆ. "ಎಮ್ಮಿ ಬಂತು ಅಂತ ಹೇಳ್ತೈತೋ, ಯಾರೋ ಬಂದಾರ ಅಂತಷ್ಟ ಹೇಳ್ತೈತೋ?"

ಇಡೀ ಧಂದೆ ಇರೋದು ಈ ಪ್ರಶ್ನೇಲೇ. ಮನುಷ್ಯ ನಡೆದ್ರೆ ಲ್ಯಾಪ್‌ಟಾಪಲ್ಲಿ ಸೆಕೆಂಡಿಗೆ ಹತ್ರಹತ್ರ ಎರಡು ಮುಳ್ಳಿನಂಥ ಗೆರೆ, ಟಕ್ ಟಕ್ ಅಂತ ಬಿಡಿಬಿಡಿಯಾಗಿ. ಗಾಡಿಯಾದ್ರೆ ಒಂದೇ ಸಮ ಗೊರ್ರ್ ಅಂತಿರುತ್ತೆ. ಎಮ್ಮೆ ಹಿಂಡು ಬಂತೋ, ಎಲ್ಲ ಕಲಸಿಹೋಗುತ್ತೆ, ಅದರ ಹಿಂದೆ ಕಾಯೋ ಹುಡುಗ ಬೇರೆ ನಡೀತಿರ್ತಾನೆ. ಎರೆಮಣ್ಣು ಬೇಸಿಗೇಲಿ ಬಿರುಕು ಬಿಟ್ರೆ ಸ್ಪೈಕ್ ಸಡಿಲ, ಗಟ್ಟಿ ನೆಲದಲ್ಲಿ ಐವತ್ತು ಮೀಟರಿಂದ ಹೆಜ್ಜೆ ಕೇಳಿಸ್ಕೊಂಡಿದ್ದು ಇಲ್ಲಿ ಅರ್ಧದೂರಕ್ಕೂ ಕಿವುಡು, ಮಳೆ ಬಂದ್ರೆ ಒಂದೊಂದು ಹನೀನೂ ಅಲಾರ್ಮು, ಗಾಳಿಗೆ ಮರ ಅಲ್ಲಾಡಿದ್ರೆ ಬೇರು ಸಮೇತ ನೆಲ ಅದುರೋದ್ರಿಂದ ಮರದ ಬುಡದಲ್ಲಿ ಇಡೋ ಹಾಗೇ ಇಲ್ಲ. ರಾತ್ರಿಯಿಡೀ ಸುಮ್‌ಸುಮ್ನೆ ಕೂಗೋ ಯಂತ್ರಾನ ಯಾವ ವಾಚ್‌ಮನ್ನೂ ಆನ್ ಇಟ್ಕೊಳ್ಳಲ್ಲ, ನಾನಾಗಿದ್ರೂ ಇಟ್ಕೊಳ್ತಿರ್ಲಿಲ್ಲ. ಕೊನೆಗೆ ಎಮ್ಮೆ ಹೋಗಿಬರೋ ಟೈಮು ಅವರ ಹತ್ರನೇ ಕೇಳಿ ಆ ಹೊತ್ತಿಗೆ ಥ್ರೆಶೋಲ್ಡ್, ಅಂದ್ರೆ ಎಷ್ಟು ಅದುರಿದ್ರೆ ಕೂಗಬೇಕು ಅನ್ನೋ ಮಿತಿ, ಏರಿಸಿದ್ವಿ (ಕಳ್ಳರಿಗೆ ಇದು ಗೊತ್ತಾದ್ರೆ ಎಮ್ಮೆ ಜೊತೆಗೇ ಬರ್ತಾರೆ, ಅದು ಬೇರೆ ಮಾತು).

ನಮ್ಮಲ್ಲಿ ಇದರ ಮಾತು ಜೋರಾಗಿದ್ದು 2016ರ ಪಠಾಣ್‌ಕೋಟ್ ದಾಳಿ ಆದ್ಮೇಲೆ. 2018ರಲ್ಲಿ ಜಮ್ಮು ಗಡೀಲಿ ತಲಾ ಐದೂವರೆ ಕಿಲೋಮೀಟರಿನ ಎರಡು ಪೈಲಟ್ ಪ್ರಾಜೆಕ್ಟ್, 2019ರಲ್ಲಿ ಅಸ್ಸಾಮಿನ ಧುಬ್ರಿಲಿ ಬ್ರಹ್ಮಪುತ್ರ ಹರಿಯೋ ಬಾಂಗ್ಲಾ ಗಡಿಯ 61 ಕಿಲೋಮೀಟರ್. ಆದ್ರೆ ಇಂಥ ಕಡೆ ಜಿಯೋಫೋನ್ ಒಂದೇ ಅಲ್ಲ, ಕ್ಯಾಮೆರಾ, ರಾಡಾರು, ಆಪ್ಟಿಕಲ್ ಫೈಬರು ಎಲ್ಲ ಸೇರಿರುತ್ತೆ. ನನ್ನ ಕೇಳಿದ್ರೆ ನಮಗೆ ದೊಡ್ಡ ಪೈಪೋಟಿ ವಿದೇಶಿ ಕಂಪನಿಗಳದ್ದಲ್ಲ, ಫೈಬರಿಂದು. ರೈಲ್ವೆಯವರ ಗಜರಾಜ್ ಸಿಸ್ಟಂ ನೋಡಿ, ಹಳಿ ಪಕ್ಕದ ಫೈಬರಲ್ಲೇ ಆನೆ ಹೆಜ್ಜೆ ಹಿಡೀತಾರೆ, ನೆಲದಲ್ಲಿ ಬ್ಯಾಟರಿ ಹೂಳೋ ತಲೆನೋವೇ ಇಲ್ಲ. ಪೈಪ್‌ಲೈನಿಗೂ ಅದೇ ಸರಿ. ನಮ್ಮದು ನಡೆಯೋದು ಫೈಬರ್ ಎಳೆಯೋಕಾಗದ ಕಡೆ, ನಾಲೆ, ಕಣಿವೆ, ಕಾಡು, ನಾಲ್ಕು ದಿನ ಇಟ್ಟು ಎತ್ಕೊಂಡು ಹೋಗೋ ಜಾಗ. ಈ ವಿಂಗಡಣೆ ಬಿಟ್ಟು ಬರೀ ಡಾಲರ್ ಲೆಕ್ಕ ಹಾಕಿದ್ರೆ ಏನುಪಯೋಗ?

ಇನ್ನು ಟೆಂಡರ್ ಕತೆ. ನೋ ಕಾಸ್ಟ್ ನೋ ಕಮಿಟ್‌ಮೆಂಟ್ ಟ್ರಯಲ್ ಅಂತಾರೆ, ಅಂದ್ರೆ ಸಾಮಾನು, ಜನ, ಲಾಡ್ಜು ಎಲ್ಲ ನಮ್ಮ ಖರ್ಚು, ಆಮೇಲೆ ಆರ್ಡರ್ ಎಲ್1ಗೆ, ಅಂದ್ರೆ ಎಲ್ರಿಗಿಂತ ಕಮ್ಮಿ ರೇಟ್ ಹಾಕಿದೋರಿಗೆ. ಸ್ಪೆಕ್ಕಲ್ಲಿ ಎಷ್ಟು ದೂರದಿಂದ ಹಿಡೀಬೇಕು ಅಂತಿರುತ್ತೆ, ದಿನಕ್ಕೆ ಎಷ್ಟು ಫಾಲ್ಸ್ ಅಲಾರ್ಮ್ ವರೆಗೆ ಓಕೆ ಅಂತ ಇರಲ್ಲ. ಈಗ ಕೈಯಲ್ಲಿರೋ ಒಂದು ಟೆಂಡರಲ್ಲಿ ಅದನ್ನೂ ಬರೆದಿದಾರೆ, ಪುಣ್ಯಾತ್ಮರು ಯಾರೋ. ಪ್ರೀ-ಬಿಡ್ ಮೀಟಿಂಗಲ್ಲಿ ಟ್ರಯಲ್ ಮಳೆ ಬೀಳೋ ಜುಲೈನಲ್ಲಿ ಇಡಿ ಅಂತ ಕೇಳೋಣ ಅಂತಿದೀನಿ, ಮೇನಲ್ಲಿ ಖಾಲಿ ಮೈದಾನದಲ್ಲಿ ಇಟ್ರೆ ಎಲ್ರೂ ಪಾಸೇ.