ಕೊಂಡಿ ಎತ್ತಿದ ಚೇಳು, ಅಂಬೋಲಿಯ ಘಾಟಿ

ನನ್ನ ಕಾರಿನ ಬಾಗಿಲುಗಳ ಕೆಳಗಡೆ ಉದ್ದಕ್ಕೂ ಕೆಂಪು ಪಟ್ಟಿ ಇದೆ, ಅದೇ ಕೆಂಪಿನ ಎರಡು ಕನ್ನಡಿಗಳಿವೆ, ಮೂತಿಯ ಮೇಲೂ ನಾಲ್ಕು ಚಕ್ರಗಳ ನಡುವೆಯೂ ಒಂದೊಂದು ಚೇಳು ಕುಳಿತಿದೆ. ಅದು ಅಬಾರ್ತ್ ಪುಂಟೋ. 2015ರ ಅಕ್ಟೋಬರಿನಲ್ಲಿ ಫಿಯಾಟ್ ಕಂಪನಿ ಅದನ್ನು ನಮ್ಮ ಮಾರುಕಟ್ಟೆಗೆ ತಂದಾಗ ದೆಹಲಿಯ ಎಕ್ಸ್-ಶೋರೂಂ ಬೆಲೆ 9.95 ಲಕ್ಷ ರೂಪಾಯಿ ಇತ್ತು. ಹತ್ತು ಲಕ್ಷದೊಳಗೆ 1.4 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 145 ಅಶ್ವಶಕ್ತಿ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು ಸಿಗುತ್ತದೆಂದರೆ ಆಗ ಯಾರೂ ಸುಲಭವಾಗಿ ನಂಬುತ್ತಿರಲಿಲ್ಲ. ನಾನು ಅದನ್ನು 2018ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಅಂದಿನಿಂದ ಪುಣೆಯ ನಮ್ಮ ಕನ್ನಡ ಗೆಳೆಯರ ಬಳಗದಲ್ಲಿ ಒಂದು ವಾದ ನಡೆಯುತ್ತಲೇ ಇದೆ: ಓಡುವ ಕಾರು ತಾನು ಓಡುತ್ತೇನೆಂದು ಮೈಮೇಲೆ ಬರೆದುಕೊಳ್ಳಬೇಕೇ?

ವಾದದಲ್ಲಿ ಮೂವರಿದ್ದೇವೆ. ಮೈಸೂರಿನ ಗೆಳೆಯನ ಬಳಿ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಇದೆ. 105 ಅಶ್ವಶಕ್ತಿ, ತಾನೇ ಗೇರು ಬದಲಿಸುವ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ಇದ್ದೂ ಹೊರಗೆ ಸಣ್ಣ ಬಿಲ್ಲೆಯ ಹೊರತು ಬೇರೆ ಗುರುತಿಲ್ಲದ, ಸಂಭಾವಿತನಂತೆ ಕಾಣುವ ಕಾರು ಅದು. ಬೆಳಗಾವಿಯ ಗೆಳೆಯ 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್ ಕೊಂಡಿದ್ದಾನೆ. ಅದಕ್ಕೆ 120 ಅಶ್ವಶಕ್ತಿ. ಕಿತ್ತಳೆ ಮೈ, ಕಪ್ಪು ಬಾನೆಟ್ಟು, ಅದರ ಮೇಲಿಂದ ಟಾಪಿನವರೆಗೆ ಹಾಯುವ ಎರಡು ಬಿಳಿ ಪಟ್ಟಿ. ಮೂರೂ ಕಾರುಗಳು ಪುಣೆಯ ಸುತ್ತಲೇ ಹುಟ್ಟಿದವು ಎಂಬುದು ನಮಗೆ ಹೆಮ್ಮೆಯ ವಿಷಯ. ನನ್ನದು ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿ ನೆಲೆಸಿರುವ ರಾಂಜಣಗಾಂವದ್ದು, ಪೋಲೋ ಚಾಕಣದ್ದು, ಆಲ್ಟ್ರೋಜ್ ಪಿಂಪ್ರಿಯದ್ದು. ಈ ಮೂರನ್ನೂ ಒಂದೇ ದಾರಿಯಲ್ಲಿ ಓಡಿಸಿ, ಘಾಟಿಯಲ್ಲಿ ಕೀಲಿ ಬದಲಿಸಿಕೊಂಡು, ವಾದವನ್ನು ಒಂದು ದಡಕ್ಕೆ ಮುಟ್ಟಿಸೋಣವೆಂದು 2025ರ ಜುಲೈ ತಿಂಗಳಲ್ಲಿ ಗೋವಾಕ್ಕೆ ಹೊರಟೆವು.

ಕೊಲ್ಲಾಪುರದವರೆಗಿನ ಹೆದ್ದಾರಿಯಲ್ಲಿ ಹೇಳಿಕೊಳ್ಳುವಂಥದ್ದು ನಡೆಯಲಿಲ್ಲ. ಖಂಬಾಟಕಿ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿದೆವು, ಕರಾಡದಲ್ಲಿ ಚಹಾ ಕುಡಿದೆವು. ಗಡಿ ದಾಟಿ ನಿಪ್ಪಾಣಿಯಲ್ಲಿ ಕನ್ನಡದ ಬೋರ್ಡುಗಳು ಕಂಡಾಗ ಮೂವರೂ ಸುಮ್ಮನೆ ಒಮ್ಮೆ ಹಾರ್ನ್ ಹೊಡೆದೆವು. ಅಲ್ಲಿಂದ ಬಲಕ್ಕೆ ತಿರುಗಿ ಉತ್ತೂರು, ಆಜರಾ ಮಾರ್ಗವಾಗಿ ಅಂಬೋಲಿಯ ಕಡೆ ಹೊರಟೆವು. ಆಜರಾಕ್ಕೆ ಇನ್ನು ಸ್ವಲ್ಪ ದೂರವಿರುವಾಗ ಮಳೆನೀರು ತುಂಬಿ ರಸ್ತೆಯ ಬಣ್ಣಕ್ಕೇ ತಿರುಗಿದ್ದ ಒಂದು ಗುಂಡಿಗೆ ನನ್ನ ಎಡಮುಂದಿನ ಚಕ್ರ ಬಿತ್ತು. ಪೋಲೋ ಮತ್ತು ಆಲ್ಟ್ರೋಜ್ ಅದೇ ಗುಂಡಿಯನ್ನು ಪಕ್ಕಕ್ಕೆ ಸರಿದು ದಾಟಿದ್ದವು. ನನ್ನ ಕಾರಿನ ಟಾಯರು 195/55 ಆರ್16 ಅಳತೆಯದು. ರಿಮ್ಮಿಗೂ ರಸ್ತೆಗೂ ನಡುವೆ ರಬ್ಬರು ಕಡಿಮೆ ಇರುವುದರಿಂದ ಗುಂಡಿಯ ಅಂಚು ನೇರವಾಗಿ ಅಲಾಯ್ ರಿಮ್ಮಿಗೇ ಬಡಿಯುತ್ತದೆ. ಇಳಿದು ನೋಡಿದರೆ ಟಾಯರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಬುಗುಟು ಎದ್ದಿತ್ತು, ರಿಮ್ಮಿನ ಅಂಚು ಒಳಕ್ಕೆ ತಗ್ಗಿತ್ತು.

ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಮುಂದೆ ಹೋಗಿ, ದಾರಿಯಲ್ಲಿ ಸಿಕ್ಕ ಒಂದು ಅಂಗಡಿಯಲ್ಲಿ ಹೊಸ ಟಾಯರು ಹಾಕಿಸಿದೆ. ಅಳತೆ ಸರಿಯಾಗಿತ್ತು, ಹೊಳಪಿತ್ತು, ಮೇಲೆ ಕಾಗದದ ಚೀಟಿಯೂ ಇತ್ತು. 6,800 ರೂಪಾಯಿ ಕೊಟ್ಟೆ. ಈ ಹಣ ಇಂದಿಗೂ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದೆ, ಆದ್ದರಿಂದ ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ: ಟಾಯರಿನ ಪಕ್ಕದಲ್ಲಿ ಒಂದು ಸಣ್ಣ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕೆಗಳಿರುತ್ತವೆ. ಮೊದಲೆರಡು ಅಂಕೆ ಅದು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ಟಾಯರಿನ ಒಂದು ಬದಿಯಲ್ಲಿ ಆ ಅಂಕೆಗಳು ಕಾಣದಿದ್ದರೆ ಇನ್ನೊಂದು ಬದಿಯನ್ನು ತಿರುಗಿಸಿ ತೋರಿಸಲು ಹೇಳಬೇಕು, ಓದಿದ ಮೇಲೆಯೇ ಹಣ ಕೊಡಬೇಕು. ನಾನು ಓದಲಿಲ್ಲ. ಅಂಕೆಗಳಿದ್ದ ಬದಿಯನ್ನು ಅವರು ಒಳಮುಖವಾಗಿ ಕೂರಿಸಿದ್ದರು.

ಅಂಬೋಲಿ ಸುಮಾರು 690 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹುಟ್ಟುವ ಹಿರಣ್ಯಕೇಶಿ ನಮ್ಮ ಸಂಕೇಶ್ವರದ ಕಡೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಆ ನೀರು ಪೂರ್ವಕ್ಕೆ ಹೋದರೆ ನಾವು ಪಶ್ಚಿಮಕ್ಕೆ ಸಾವಂತವಾಡಿಯ ಕಡೆ ಇಳಿಯಬೇಕಿತ್ತು. ಮಂಜು ಕವಿದ ಆ ಇಳಿಜಾರಿನಲ್ಲಿ ಕೀಲಿ ಬದಲಿಸುವ ಮಾತು ಯಾರಿಗೂ ನೆನಪಾಗಲಿಲ್ಲ, ಏಕೆಂದರೆ ಎರಡನೆಯ ತಿರುವಿನಲ್ಲೇ ನನ್ನ ಕಾರಿನ ಎಡಮುಂದಿನ ಚಕ್ರ ಜಾರಿತು. ಸ್ಟೇರಿಂಗ್ ಅಷ್ಟು ಹೊತ್ತೂ ಕೈಯಲ್ಲಿ ಭಾರವಾಗಿ ಇದ್ದದ್ದು ಒಂದು ಕ್ಷಣ ಹಗುರಾಯಿತು, ಮತ್ತೆ ಭಾರವಾಯಿತು. ಏಳು ವರ್ಷಗಳಲ್ಲಿ ಆ ಕಾರು ನನಗೆ ಹಾಗೆ ಮಾಡಿದ್ದು ಅದೇ ಮೊದಲು. ಮಿಕ್ಕ ಘಾಟಿಯನ್ನು ಎರಡನೆಯ ಗೇರಿನಲ್ಲಿ, ಬೆನ್ನು ಸೆಟೆಸಿಕೊಂಡು ಇಳಿದೆ. ಸಾವಂತವಾಡಿ ದಾಟಿ ಬಯಲಿಗೆ ಬಂದಮೇಲೆ ವೇಗ 80 ಮುಟ್ಟಿದ ಕೂಡಲೇ ಸ್ಟೇರಿಂಗ್ ನಡುಗತೊಡಗಿತು.

ಗೋವಾದಲ್ಲಿ ಎರಡು ದಿನ ಮಳೆ ಬಿಡಲಿಲ್ಲ. ಮೀನಿನ ಊಟ ಚೆನ್ನಾಗಿತ್ತು, ಕಡಲತೀರದ ಕಡೆ ನಾವು ಹೋಗಲೇ ಇಲ್ಲ.

ಮೂರನೆಯ ದಿನ ವಾಸ್ಕೋಗೆ ಹೋದೆವು. ಬೈನಾ, ಜುವಾರಿನಗರದ ಕಡೆ ಕನ್ನಡ ಮಾತಾಡುವವರು ಬಹಳ ಮಂದಿ ಇದ್ದಾರೆ. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ದುಡಿಮೆಗಾಗಿ ಬಂದು ನೆಲೆಸಿದವರು. ತಗಡಿನ ಚಪ್ಪರದ ಒಂದು ಟಾಯರ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಒಳಗಿದ್ದ ಹಿರಿಯರು ಹುಡುಗನಿಗೆ “ಜ್ಯಾಕ್ ತಗೊಂಬಾರೋ ತಮ್ಮಾ” ಎಂದರು. ಅವರು ಬಾದಾಮಿಯ ಕಡೆಯವರು. ನಾನು ಕಾಕಾ ಎಂದು ಕರೆದೆ. ಅವರು ಚಕ್ರ ಬಿಚ್ಚಿ, ಒದ್ದೆ ಬಟ್ಟೆಯಿಂದ ಒಳಬದಿಯ ಕೆಸರು ಒರೆಸಿ, ಹೆಬ್ಬೆರಳನ್ನು ಒಂದು ಜಾಗದಲ್ಲಿ ಊರಿದರು.

“ಈ ಟಾಯರು ಯಾವಾಗ ಹಾಕಿಸೀರಿ ಸರ?”

“ಮೊನ್ನೆ ಕಾಕಾ. ಹೊಸದು.”

“ಹೊಸಾದಲ್ರೀ ಇದು. ಎರಡು ಎರಡು ಒಂದು ಒಂಬತ್ತು. ಇಪ್ಪತ್ತೆರಡನೇ ವಾರ, ಹತ್ತೊಂಬತ್ತನೇ ಇಸ್ವಿ. ಆರು ವರ್ಷ ಮೂಲ್ಯಾಗ ಕುಂತೈತಿ. ರಬ್ಬರು ಕಟಗಿ ಆಗೇತಿ. ಮಳಿಯಾಗ ಘಾಟ ಇಳದೀರೇನ್ರಿ ಇದರ ಮ್ಯಾಲ?”

ಇಳಿದೆವೆಂದೆ. ಅವರು ಏನೂ ಅನ್ನದೆ ಚಕ್ರವನ್ನು ಪಕ್ಕಕ್ಕಿಟ್ಟರು. ಮುಂದಿನ ಎರಡೂ ಚಕ್ರಕ್ಕೆ ಒಂದೇ ಜೋಡಿ ಬೇಕು, ಒಂದು ಹಳೆಯದು ಒಂದು ಹೊಸದು ಇದ್ದರೆ ಎಳೆಯುವ ಚಕ್ರಗಳು ಒಂದರ ಮಾತು ಇನ್ನೊಂದು ಕೇಳುವುದಿಲ್ಲ ಎಂದು ವಿವರಿಸಿ, ಮಡಗಾಂವಿಗೆ ಫೋನ್ ಮಾಡಿದರು. ಟಾಯರು ಬರುವವರೆಗೆ ರಿಮ್ಮಿನ ತಗ್ಗನ್ನು ಸರಿಪಡಿಸಿದರು. ಸೀಳು ಬಿಟ್ಟಿದ್ದರೆ ತಾವು ಮುಟ್ಟುತ್ತಿರಲಿಲ್ಲ, ಬರೀ ಬಾಗಿದ್ದರಿಂದ ಮುಟ್ಟುತ್ತಿದ್ದೇನೆ ಎಂದು ಎರಡು ಸಲ ಹೇಳಿದರು. ಟಾಯರು ಬಂದು, ಬ್ಯಾಲೆನ್ಸಿಂಗ್ ಮುಗಿದ ಮೇಲೆ, ನಡುಕ ಹೋಗಿದೆಯೇ ನೋಡುತ್ತೇನೆಂದು ತಾವೇ ಕೀಲಿ ತೆಗೆದುಕೊಂಡರು. ನಾನು ಪಕ್ಕದಲ್ಲಿ ಕುಳಿತೆ.

ದಾಬೋಳಿಯ ಏರಿನಲ್ಲಿ ಅವರು ಮೂರನೆಯ ಗೇರಿನಲ್ಲೇ ಕಾರನ್ನು ಬಿಟ್ಟು ಕಾದರು. ಈ ಎಂಜಿನ್ನಿನ ಸ್ವಭಾವ ಅರಿಯದವರು ಅಲ್ಲಿ ಗೇರು ಇಳಿಸುತ್ತಾರೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆಂದು ತೋರಿಸುವ ಮುಳ್ಳು ಎರಡು ಸಾವಿರ ದಾಟುವವರೆಗೆ ಅದು ಸಾಮಾನ್ಯ ಕಾರು. ಆಮೇಲೆ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳಿ ಬಲ ಕೊಡುವ ಟರ್ಬೊ ಎಚ್ಚೆತ್ತು, 212 ನ್ಯೂಟನ್ ಮೀಟರಿನ ಎಳೆತ ಒಟ್ಟಿಗೆ ಬರುತ್ತದೆ. ಅದು ಬಂದಾಗ ಕಾಕಾ ಸೀಟಿಗೆ ಒರಗಿ ಸಣ್ಣಗೆ “ಹಾಂ” ಎಂದರು. ತುದಿಯಲ್ಲಿ ತಿರುಗಿಸಿ, ವಾಪಸು ಬಂದು ನಿಲ್ಲಿಸಿದ ಮೇಲೆ ಎಂಜಿನ್ ಆರಿಸದೆ ಒಂದು ನಿಮಿಷ ಹಾಗೆಯೇ ಬಿಟ್ಟು ಕುಳಿತರು. ಕಾದ ಟರ್ಬೊಗೆ ಎಣ್ಣೆ ಹರಿದು ತಂಪಾಗಲಿ ಎಂದು ನಾನು ಏಳು ವರ್ಷದಿಂದ ಹೀಗೆಯೇ ಮಾಡುತ್ತ ಬಂದಿದ್ದೇನೆ. ನನ್ನನ್ನು ಬಿಟ್ಟರೆ ಬೇರೆ ಯಾರೂ ಕೇಳದೆಯೇ ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

“ಈಗಿನ ಗಾಡಿ ಸ್ಟೇರಿಂಗ್ ಎಲ್ಲಾ ಮೋಟಾರಿಂದು ಸರ. ಬೆರಳಾಗ ತಿರಗತೈತಿ, ಆದ್ರ ಕೈಗೆ ಏನೂ ತಿಳಿಯಂಗಿಲ್ಲ. ಇದು ಆಯಿಲ್ ಸ್ಟೇರಿಂಗು. ಕೆಳಗ ಮರಳು ಐತ್ಯೋ ನೀರು ಐತ್ಯೋ, ಅಂಗೈಗೆ ಬಂದು ಹೇಳತೈತಿ.” ಆಮೇಲೆ ಎಡಗಾಲನ್ನು ತೋರಿಸಿ, “ಆದ್ರ ಈ ಕಾಲು ಇಡಾಕ ಜಾಗಾನ ಇಟ್ಟಿಲ್ಲಲ್ರೀ” ಎಂದರು. ಕ್ಲಚ್ಚಿನ ಪಕ್ಕದಲ್ಲಿ ಕಾಲು ಊರಲು ಜಾಗವಿಲ್ಲದ್ದು ಪುಂಟೋ ಇಟ್ಟುಕೊಂಡವರೆಲ್ಲರ ಹಳೆಯ ದೂರು. ಗಟ್ಟಿ ಕ್ಲಚ್ಚು, ನೆಲಕ್ಕೆ ಹತ್ತಿರವಾದ ಕಾರಿನ ಹೊಟ್ಟೆ, ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮನಿಗೆ ಆಗುವ ಕುಲುಕಾಟ, ಇವುಗಳ ಜೊತೆ ಬದುಕಲು ಕಲಿತಿದ್ದೇನೆ. ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬರುವ ಹೊತ್ತಿಗೆ ಫಿಯಾಟ್ ಇಲ್ಲಿ ತನ್ನ ಕಾರುಗಳ ಮಾರಾಟವನ್ನು ನಿಲ್ಲಿಸಿತು. ಆ ಮೇಲೆ ಬಿಡಿಭಾಗ ಹುಡುಕುವುದು ಮಾತ್ರ ಪ್ರತಿ ವರ್ಷವೂ ಹೊಸ ಚಿಂತೆ.

ಅಂಗಡಿಯಲ್ಲಿ ಚಹಾ ಬಂತು. ಕಾಕಾ ಮೂತಿಯ ಮೇಲಿನ ಚೇಳನ್ನು ನೋಡುತ್ತ, ಅದು ಏಕೆ ಚೇಳು ಎಂದು ಕೇಳಿದರು. ಕಾರ್ಲೋ ಅಬಾರ್ತ್ ಎಂಬಾತ 1908ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ಹುಟ್ಟಿದ, ಅವನ ರಾಶಿ ವೃಶ್ಚಿಕ, 1949ರಲ್ಲಿ ಇಟಲಿಯಲ್ಲಿ ಕಂಪನಿ ಕಟ್ಟಿದಾಗ ಅದನ್ನೇ ಗುರುತಾಗಿ ಇಟ್ಟುಕೊಂಡ, 1971ರಲ್ಲಿ ಫಿಯಾಟ್ ಅದನ್ನು ಕೊಂಡಿತು ಎಂದು ಹೇಳಿದೆ. ಕಾಕಾ ತಲೆದೂಗಿದರು. ಆಮೇಲೆ ಕೇಳಿದರು:

“ಸಿಟ್ಟಾಗಬ್ಯಾಡ್ರಿ ಸರ. ಈ ಕೆಂಪು ಪಟ್ಟಿ ಯಾಕ ಇಟಗೊಂಡೀರಿ? ಕಡಿಯೋ ಚೇಳು ಮೊದಲ ಹೇಳಿ ಕಡೀತೈತೇನ್ರಿ?”

ಮೈಸೂರಿನ ಗೆಳೆಯ ಎದ್ದೇ ನಿಂತ. “ಇದನ್ನೇ ಕಣ್ರಪ್ಪಾ ನಾನು ಇಷ್ಟು ವರ್ಷದಿಂದ ಹೇಳ್ತಿರೋದು! ನನ್ನ ಪೋಲೋ ನೋಡಿ ಯಾರೂ ಪಕ್ಕಕ್ಕೆ ಬಂದು ಗುರ್ ಅನ್ನಿಸಲ್ಲ, ಪೊಲೀಸ್ನೋರು ಕೈ ಅಡ್ಡ ಹಿಡಿಯಲ್ಲ. ಬೇಕಾದಾಗ ಓಡ್ತದೆ, ಬೇಡವಾದಾಗ ಸುಮ್ನಿರ್ತದೆ.”

ಬೆಳಗಾವಿಯವನು ಲೋಟ ಕೆಳಗಿಟ್ಟ. “ಕಾಕಾ, ಚೇಳು ಕೊಂಡಿ ಮ್ಯಾಲೆತ್ತಿಕೊಂಡ ಅಡ್ಡಾಡತೈತಲ್ರೀ? ಅದೇನು ಮುಚಗೊಂಡ ಬರತೈತೇನು?”

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಅದೂ ಖರೇನ” ಎಂದರು.

ನನ್ನ ಅಭಿಪ್ರಾಯ ಬೆಳಗಾವಿಯವನದೇ. ಪೋಲೋದ ಸಂಯಮವನ್ನು ನಾನು ಗೌರವಿಸುತ್ತೇನೆ, ಆದರೆ ಅದರ ಕಡೆ ಹಿಂತಿರುಗಿ ನೋಡುವುದಿಲ್ಲ. ಆಲ್ಟ್ರೋಜಿನ ಪಟ್ಟಿಗಳು ನನ್ನ ಕಣ್ಣಿಗೆ ಕೊಂಚ ಹೆಚ್ಚೇ ಆದವು. ಆದರೂ ಮುಂಜಾನೆ ಪಾರ್ಕಿಂಗಿನಲ್ಲಿ ಅದನ್ನು ಕಂಡ ಮಕ್ಕಳು ಓಡಿಬಂದು ಬಾನೆಟ್ಟಿನ ಮೇಲೆ ಬೆರಳಾಡಿಸುವುದನ್ನು ನೋಡಿದ್ದೇನೆ, ಅಂಥ ಸಂತೋಷವನ್ನು ಬೂದು ಬಣ್ಣದ ಕಾರು ಯಾರಿಗೂ ಕೊಡುವುದಿಲ್ಲ. ಕಾರಿನಲ್ಲಿ ಬೆಂಕಿ ಇದ್ದರೆ ಅದು ಹೊರಗೂ ಕಾಣಲಿ ಎಂದೇ ನಾನು ಬಯಸುತ್ತೇನೆ. ಇದನ್ನೇ ಕಾಕಾಗೆ ಹೇಳಿದೆ. ಅವರು ತಮ್ಮ ಕಸುಬಿನವರಿಗೆ ಮಾತ್ರ ತಿಳಿದಿರುವ ಇನ್ನೊಂದು ಮಾತು ಹೇಳಿದರು. ಮಾರುವ ಮುಂಚೆ ಪಟ್ಟಿ ಕೀಳಿಸಲು ಎಷ್ಟೋ ಜನ ತಮ್ಮ ಬಳಿ ಬರುತ್ತಾರೆ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಪಟ್ಟಿಯ ಕೆಳಗಿನದು ಹೊಸದಾಗಿಯೇ ಉಳಿದಿರುತ್ತದೆ. “ಕಿತ್ತ ಮ್ಯಾಲೂ ಪಟ್ಟಿ ಹೋಗಂಗಿಲ್ರಿ. ಗುರ್ತು ಹಂಗ ಇರತೈತಿ.”

ನನ್ನ ಎಡಬಾಗಿಲಿನ ಪಟ್ಟಿಯ ಹಿಂದಿನ ತುದಿ ಎರಡು ಮಳೆಗಾಲಗಳಿಂದ ಬಿಟ್ಟುಕೊಂಡು ಒಳಕ್ಕೆ ಧೂಳು ತುಂಬಿತ್ತು. ನಾನು ಹಣ ಎಣಿಸುತ್ತಿದ್ದಾಗ ಕಾಕಾ ಅಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಬಟ್ಟೆಯ ಮೂಲೆಯಿಂದ ಧೂಳು ತೆಗೆದು, ಹುಡುಗನಿಂದ ಬಿಸಿಗಾಳಿಯ ಯಂತ್ರ ತರಿಸಿ, ಪಟ್ಟಿ ಮೆತ್ತಗಾಗುವಷ್ಟು ಮಾತ್ರ ದೂರದಿಂದ ಹಿಡಿದು, ಆ ಮೇಲೆ ಅಂಗೈಯ ಬುಡದಿಂದ ಮುಂದಿನಿಂದ ಹಿಂದಕ್ಕೆ ಒತ್ತಿದರು. ಕೊನೆಯಲ್ಲಿ ಅಂಚಿನ ಮೇಲೆ ಉಗುರು ಎಳೆದು ನೋಡಿದರು, ಏಳಲಿಲ್ಲ. ಬೇಡವೆನ್ನುತ್ತಿದ್ದ ಪಟ್ಟಿಯನ್ನು ಅಷ್ಟು ಜೋಪಾನವಾಗಿ ಕೂರಿಸಿದವರಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ಅದಕ್ಕೆ ಅವರು ಹಣ ತೆಗೆದುಕೊಳ್ಳಲಿಲ್ಲ.

ಮರುದಿನ ಮರಳಿ ಅಂಬೋಲಿ ಏರುವಾಗ ಕೊನೆಗೂ ಕೀಲಿ ಬದಲಿಸಿಕೊಂಡೆವು. ಬೆಳಗಾವಿಯವನು ನನ್ನ ಕಾರಿನಲ್ಲಿ ಮುಂದೆ, ನಾನು ಪೋಲೋದಲ್ಲಿ ಅದರ ಹಿಂದೆ. ಡಿಎಸ್‌ಜಿ ಗೇರು ಬದಲಿಸಿದ್ದೇ ತಿಳಿಯದಷ್ಟು ನಯವಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ನನ್ನ ಕಣ್ಣೆಲ್ಲ ಮುಂದಿನ ಕಾರಿನ ಮೇಲಿತ್ತು. ಏಳು ವರ್ಷ ಅದರೊಳಗೇ ಕುಳಿತವನು ಅದು ಓಡುವುದನ್ನು ಹೊರಗಿನಿಂದ ನೋಡಿದ್ದು ಅಂದೇ. ಪ್ರತಿ ತಿರುವಿನಲ್ಲೂ ಬಿಳಿಯ ಮೈ ಮಂಜಿನೊಳಗೆ ಕರಗಿಹೋಗುತ್ತಿತ್ತು. ಕೆಂಪು ಕನ್ನಡಿ ಮೊದಲು ಕಾಣುತ್ತಿತ್ತು, ಕಾರು ಹೊರಳಿದಾಗ ಬಾಗಿಲಿನ ಪಟ್ಟಿ ಉದ್ದಕ್ಕೆ ಮೂಡಿ ಮರೆಯಾಗುತ್ತಿತ್ತು. ಚಕ್ರ ಎಲ್ಲೂ ಜಾರಲಿಲ್ಲ.

ಘಾಟಿಯ ತಲೆಯಲ್ಲಿ ಚಹಾದಂಗಡಿಯ ಮುಂದೆ ನಿಲ್ಲಿಸಿದೆವು. ನಾನು ಪೋಲೋದಿಂದ ಇಳಿದು ಕೀಲಿಗಾಗಿ ಕೈಚಾಚಿದೆ. ಬೆಳಗಾವಿಯವನು ಕಿಟಕಿಯ ಗಾಜು ಇಳಿಸಿ, “ತಡಿಯಪಾ, ಇನ್ನೂ ಒಂದು ನಿಮಿಷ ಆಗಿಲ್ಲ” ಎಂದು ಎಂಜಿನ್ ಓಡುತ್ತಿದ್ದಂತೆಯೇ ಕುಳಿತಿದ್ದ.