ದಿನಚರಿ: ತಂಬಾಕು ವೈರಸ್ ಮೇಲೆ ಬೆಳ್ಳಿ

12 ಜೂನ್ 2025, ಗುರುವಾರ

ಗುರಿ: ವೈರಸ್ ಕಡ್ಡಿಯನ್ನೇ ಅಚ್ಚಾಗಿಸಿ ಅದರ ಮೈಮೇಲೆ ಬೆಳ್ಳಿಯ ನ್ಯಾನೋಕಣ ಕೂರಿಸುವುದು. ಅಚ್ಚು: ತಂಬಾಕು ಮೊಸಾಯಿಕ್ ವೈರಸ್, ಅಂದರೆ ಟಿಎಂವಿ. 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪದ ಕಡ್ಡಿ. ಒಳಗೆ 4 ನ್ಯಾನೋಮೀಟರ್ ಕೊಳವೆ. ಒಂದೇ ಬಗೆಯ ಸುಮಾರು 2130 ಪ್ರೋಟೀನುಗಳು ಸುರುಳಿಯಾಗಿ ಕೂತು ಆದದ್ದು.

ಮೊದಲು ಸಾಂದ್ರತೆ. 260 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನ ಹೀರಿಕೆ 3.0 ಇದ್ದರೆ ಮಿಲಿಲೀಟರಿಗೆ 1 ಮಿಲಿಗ್ರಾಂ ಎಂದು ಲೆಕ್ಕ. 260 ಮತ್ತು 280ರ ಹೀರಿಕೆಗಳ ಅನುಪಾತ 1.2ರ ಆಸುಪಾಸು ಇರಬೇಕು. ತೀರಾ ಇಳಿದಿದ್ದರೆ ಎಲೆಯ ಪ್ರೋಟೀನ್ ಉಳಿದಿದೆ ಎಂದೇ ಅರ್ಥ.

ಈ ಕೆಲಸ ಹೆಚ್ಚಾಗಿ ಕೆಡುವುದು ಬಫರಿನಿಂದ, ಅಂದರೆ ಪಿಎಚ್ ಏರಿಳಿಯದಂತೆ ಕಾಯುವ ದ್ರಾವಣದಿಂದ. ವೈರಸ್ಸನ್ನು ಸಾಮಾನ್ಯವಾಗಿ ಫಾಸ್ಫೇಟಿನಲ್ಲಿ ಇಟ್ಟಿರುತ್ತಾರೆ. ಅದಕ್ಕೇ ಸಿಲ್ವರ್ ನೈಟ್ರೇಟ್ ಹಾಕಿದರೆ ಹಳದಿ ಸಿಲ್ವರ್ ಫಾಸ್ಫೇಟ್ ತಳ ಸೇರುತ್ತದೆ. ಉಪ್ಪಿದ್ದರೆ ಬಿಳಿ ಸಿಲ್ವರ್ ಕ್ಲೋರೈಡ್. ಬೆಳ್ಳಿಯ ನ್ಯಾನೋಕಣವೂ ನೀರಿನಲ್ಲಿ ಹಳದಿಯೇ, ಹಾಗಾಗಿ ಹಳದಿ ಕಂಡದ್ದೇ ನ್ಯಾನೋಕಣ ಬಂತೆಂದು ಹಿಗ್ಗುವವರೂ ಇದ್ದಾರೆ! ಆದ್ದರಿಂದ ಉಪ್ಪನ್ನು ಹೊರಬಿಟ್ಟು ವೈರಸ್ಸನ್ನು ಒಳಗೇ ಉಳಿಸುವ 12–14 ಕಿಲೋಡಾಲ್ಟನ್ ಪೊರೆಯ ಚೀಲದಲ್ಲಿ ಶುದ್ಧ ನೀರಿನೆದುರು ರಾತ್ರಿಯಿಡೀ ಡಯಾಲಿಸಿಸ್, 4 ಡಿಗ್ರಿಯಲ್ಲಿ, ಮೂರು ಸಲ ನೀರು ಬದಲಿಸಿ.

ಆಮೇಲೆ ಮಿಲಿಲೀಟರಿಗೆ 0.1 ಮಿಲಿಗ್ರಾಂ ವೈರಸ್ ಇರುವ 1 ಮಿಲಿಲೀಟರ್ ದ್ರಾವಣದಲ್ಲಿ ಸಿಲ್ವರ್ ನೈಟ್ರೇಟ್ 0.5 ಮಿಲಿಮೋಲಾರ್ ಆಗುವಂತೆ ಬೆರೆಸಿ, ಕತ್ತಲಲ್ಲಿ ಅರ್ಧ ಗಂಟೆ ಬಿಡಿ. ಪ್ರತಿ ಪ್ರೋಟೀನಿಗೆ ಸುಮಾರು 90 ಬೆಳ್ಳಿ ಅಯಾನು ಸಿಕ್ಕಂತಾಯಿತು. ಇನ್ನು ಆ ಅಯಾನನ್ನು ಲೋಹವಾಗಿಸುವ ಅಪಕರ್ಷಕ. ಐಸಿನಷ್ಟು ತಣ್ಣಗಿನ ನೀರಿನಲ್ಲಿ ಆಗಷ್ಟೇ ಕರಗಿಸಿದ 10 ಮಿಲಿಮೋಲಾರ್ ಸೋಡಿಯಂ ಬೊರೋಹೈಡ್ರೈಡ್ ಅನ್ನು 10 ಮೈಕ್ರೋಲೀಟರಿನಂತೆ ಐದು ಸಲ ಹಾಕಬೇಕು. ಒಮ್ಮೆಗೇ ಸುರಿದರೆ ಬೆಳ್ಳಿ ವೈರಸ್ಸಿಗೆ ಅಂಟುವ ಮುಂಚೆ ನೀರಿನಲ್ಲೇ ಕಣವಾಗಿಬಿಡುತ್ತದೆ. ಹಳೆಯ ಬೊರೋಹೈಡ್ರೈಡ್ ದ್ರಾವಣ ಬೇಡ. ನೀರಿನೊಂದಿಗೆ ತಾನೇ ವರ್ತಿಸಿ ಸತ್ವ ಕಳೆದುಕೊಂಡಿರುತ್ತದೆ.

ಹೀರಿಕೆಯ ಗೆರೆಯಲ್ಲಿ 400 ನ್ಯಾನೋಮೀಟರ್ ಹತ್ತಿರ ಶಿಖರ ಬಂದರೆ ಬೆಳ್ಳಿ ಇದೆ ಎಂದಷ್ಟೇ. ವೈರಸ್ ಮೇಲೆ ಕೂತಿದೆ ಎಂದಲ್ಲ. ಹೋಲಿಕೆಗೆ ವೈರಸ್ ಇಲ್ಲದ ಇನ್ನೊಂದು ಪರೀಕ್ಷಾ ಕೊಳವೆಯನ್ನೂ ಜೊತೆಗೇ ನಡೆಸಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾದರಿ ಇಡುವ ಪುಟ್ಟ ಜಾಲರಿ, ಅಂದರೆ ಗ್ರಿಡ್, ಎರಡು: ಒಂದು ಬಣ್ಣವಿಲ್ಲದ್ದು, ಇನ್ನೊಂದು ವೈರಸ್ ಎದ್ದು ಕಾಣಲು 2% ಯುರೇನೈಲ್ ಅಸಿಟೇಟ್ ಬಣ್ಣ ಹಚ್ಚಿದ್ದು. ಬಣ್ಣದ ಹರಳೂ ಕಪ್ಪು ಚುಕ್ಕೆಯಾಗಿಯೇ ಕಾಣುವುದರಿಂದ ಎಣಿಕೆಗೆ ಮೊದಲನೆಯದೇ ಸರಿ.

ಬೆಳ್ಳಿಯ ಬದಲು ಚಿನ್ನ ಕೂರಿಸುವುದಾದರೆ ಪೇಚು ಬೇರೆ. ಟಿಎಂವಿಯ ಸಮವಿದ್ಯುತ್ ಬಿಂದು, ಅಂದರೆ ಮೈಯ ಒಟ್ಟು ವಿದ್ಯುದಾವೇಶ ಸೊನ್ನೆಯಾಗುವ ಮಟ್ಟ, ಪಿಎಚ್ 3.5ರ ಹತ್ತಿರ. ಅದಕ್ಕಿಂತ ಮೇಲೆ ಮೈ ಋಣ, ಚಿನ್ನ ಹೊತ್ತ ಕ್ಲೋರೋಆರೇಟ್ ಅಯಾನೂ ಋಣ, ಹತ್ತಿರ ಬರುವುದಿಲ್ಲ. ಕ್ಲೋರೋಆರಿಕ್ ಆಮ್ಲವೇ ಪಿಎಚ್ ಇಳಿಸಿದರೆ ಕಡ್ಡಿಗಳೆಲ್ಲ ಒಟ್ಟಾಗಿ ಗಂಟು ಕಟ್ಟುತ್ತವೆ. ಮೈಮೇಲೆ ಸಿಸ್ಟೀನ್ (ಲೋಹ ಹಿಡಿಯುವ ಗಂಧಕವಿರುವ ಅಮೈನೋ ಆಮ್ಲ) ಸೇರಿಸಿದ ತಳಿ ಇದ್ದರೆ ಈ ತಾಪತ್ರಯ ಕಡಿಮೆ.

ವೈರಸ್ ಅಚ್ಚಿನ ವಿಧಾನಕ್ಕೆ ಹಚ್ಚುವ 'ಹಸಿರು', ಅಂದರೆ ಪರಿಸರಸ್ನೇಹಿ, ಎನ್ನುವ ಹಣೆಪಟ್ಟಿ ಬೊರೋಹೈಡ್ರೈಡ್ ಹಾಕಿದ ಮೇಲೆ ಅರ್ಧಕ್ಕೇ ಸಲ್ಲುತ್ತದೆ. ಪೆಲ್ಲಾಡಿಯಂ ಆದರೆ ಬೆಚ್ಚಗಿನ ನೀರಿನಲ್ಲಿ, ಹೊರಗಿನ ಅಪಕರ್ಷಕವಿಲ್ಲದೆಯೂ ಟಿಎಂವಿ ಮೇಲೆ ಕೂರುತ್ತದೆ.

ತೊಳೆದ ನೀರನ್ನು ಸಿಂಕಿಗೆ ಬಿಡಬಾರದು. ಟಿಎಂವಿ ಮನುಷ್ಯರಿಗೆ ತಗಲದಿದ್ದರೂ ಟೊಮೆಟೊ, ಮೆಣಸಿನ ಗಿಡಗಳಿಗೆ ತಗಲುತ್ತದೆ. ಬರಿಯ ಬಿಸಿನೀರಿಗೆ ಜಗ್ಗುವ ಜೀವವಲ್ಲ. ಒತ್ತಡದ ಹಬೆಯಲ್ಲಿ 121 ಡಿಗ್ರಿ ಆಟೊಕ್ಲೇವ್ ಆದ ಮೇಲೆ ಬೆಳ್ಳಿಯ ತ್ಯಾಜ್ಯದ ಡಬ್ಬಿಗೆ.